ಮುಂದಿನ ಸಾಲಿನಿಂದ ಕಂಡ ರಾಣಿ

ನನ್ನ ಮೊಮ್ಮಗಳು ರಾಜನಾದಳು! ನೀವು ಸರಿಯಾಗಿಯೇ ಓದಿದಿರಿ. ರಾಣಿಯಲ್ಲ, ರಾಜ! ಕಿರೀಟ, ಭುಜಕೀರ್ತಿ, ಹುರಿಮೀಸೆ ಸಮೇತ ಇವತ್ತು ನಮ್ಮ ಬೆಳವಣಕಿಯ ದೊಡ್ಡಾಟದ ಅಟ್ಟ ಏರಿ, ಹಾಡಿ, ಕುಣಿದು ಇಳಿದಿದ್ದಾಳೆ. ಅವಳನ್ನು ಹಡೆದವಳು ಅತ್ತಳು, ನಾನು ಸಿಳ್ಳೆ ಹೊಡೆದೆ. ಈ ವಯಸ್ಸಿನಲ್ಲಿ ಸಿಳ್ಳೆಯೇ ಎನ್ನಬೇಡಿ. ಉಳಿದ ಹಲ್ಲುಗಳಿಂದ ಎಷ್ಟು ಬಂತೋ ಅಷ್ಟು ಹೊಡೆದೆ!

ಇದರ ಪುಣ್ಯ ನಮ್ಮೂರಿನ ಅತಿ ಚೆಲುವೆಯಾದ ಹೆಂಗಸಿಗೆ ಸಲ್ಲಬೇಕು. ಆಕೆ ಯಾರು ಅಂತೀರಿ? ಅರವತ್ತರ ಹತ್ತಿರ ಬಂದ ನನ್ನ ಮೈದುನ.

ದೊಡ್ಡಾಟದಲ್ಲಿ ಹೆಣ್ಣು ಪಾತ್ರವನ್ನೂ ಗಂಡಸರೇ ಮಾಡುವುದು ನಮ್ಮ ಕಡೆಯ ಪದ್ಧತಿ. ಮೀಸೆ ಮೂಡಿದ ವರ್ಷದಿಂದ ಅದನ್ನು ಬೋಳಿಸುತ್ತ ರಾಣಿಯಾಗುತ್ತ ಬಂದವನು ಇವನು. ಊರಿನ ಆಟಕ್ಕೆ ಮಾಸ್ತರನೂ ಇವನೇ. ತನಗೆ ಸೀರೆ ಬೇಕಾದರೆ ಗಜೇಂದ್ರಗಡಕ್ಕೆ ಹೋಗಿ ಮಗ್ಗದ ಮನೆಯಲ್ಲೇ ಕೂತು ಸೆರಗು ಆರಿಸುತ್ತಾನೆ. ಹೆಂಡತಿಗೆ ಬೇಕಾದರೆ ರೋಣದ ಸಂತೆಯಲ್ಲಿ ಕೈಗೆ ಸಿಕ್ಕದ್ದು. ಪಾಪ, ಆಕೆಯೇನು ಅಟ್ಟ ಏರುವವಳೇ!

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಹೆಂಗಸರು ಹೇಗಿರಬೇಕು ಎಂದು ಹೆಂಗಸರಿಗೇ ಪಾಠ ಹೇಳುವ ಚಟವೊಂದು ಇವನಿಗಿದೆ. ನಾನು ಕೊಡ ಹೊತ್ತು ಬಂದರೆ ಅತ್ತಿಗೆ ಎನ್ನುವುದನ್ನೂ ನೋಡದೆ ಕಟ್ಟೆಯ ಮೇಲಿಂದ ಕೂಗುತ್ತಾನೆ.

“ವೈನೀ, ಹೆಂಗಸರು ಹಿಂಗ ನಡೀತಾರೇನ್ರಿ? ಮೊದಲ ಎಷ್ಟ ಚಂದ ನಡೀತಿದ್ರಿ. ಈಗ ಪೂರಾ ಕೆಡಿಸ್ಕೊಂಡೀರಿ!”

“ಮೊಣಕಾಲ ಹಿಡದಾವೋ ಮಾರಾಯ!”

“ಮೊಣಕಾಲ ನೆವಾ ಹೇಳಬ್ಯಾಡ್ರಿ. ನಡಗಿ ಅಂದ್ರ ನಡಗಿ!”

ಐದು ಮಕ್ಕಳನ್ನು ಹಡೆದವಳು ನಾನು. ಇವನ ಪರೀಕ್ಷೆಯಲ್ಲಿ ಮಾತ್ರ ನಪಾಸು!

ಇನ್ನು ಆಟ ನೋಡುವ ಭಾಗ್ಯ ಕೇಳಿ. ಅಟ್ಟದ ಮುಂದೆ ಗಂಡಸರು, ಕಾಲು ಚಾಚಿ, ಎಲೆಯಡಿಕೆ ಹಾಕಿಕೊಂಡು. ನಮಗೆ ಅಟ್ಟದ ಹಿಂದೆ ಓರೆಯಲ್ಲಿ ಒಂದು ಕಟ್ಟೆ. ಮದುವೆಯಾಗಿ ಬಂದಾಗಿನಿಂದ ನಾನು ನೋಡಿದ್ದೆಲ್ಲ ಬರೀ ಬೆನ್ನು. ರಾಜರ ಬೆನ್ನು, ರಾಕ್ಷಸರ ಬೆನ್ನು, ಋಷಿಗಳ ಬೆನ್ನು! ಯಾವ ರಾಜನ ಅಂಗಿಯ ಕಸೆ ಹರಿದಿದೆ ಎಂದು ಕೇಳಿ, ಹೇಳುತ್ತೇನೆ. ಯುದ್ಧಕ್ಕೆ ಹೊರಟಾಗ ಅವನ ಮುಖ ಹೇಗಿತ್ತೆಂದು ಮಾತ್ರ ಕೇಳಬೇಡಿ. ಒಮ್ಮೆ ಮೈದುನನಿಗೆ ಹೇಳಿದೆ. “ಹಿಂದಿಂದ ದನಿ ಚಲೋ ಕೇಳತೈತ್ರಿ ವೈನೀ” ಅಂದ. ಎಂಥ ಉಪಕಾರ!

ಈ ಸಲ ತಾಲೀಮು ನಡೆದಿದ್ದಾಗಲೇ ರಾಜನ ಪಾತ್ರದವನು ಕೆಲಸ ಸಿಕ್ಕಿತೆಂದು ಗೋವಾಕ್ಕೆ ಹೋಗಿಬಿಟ್ಟ. ರಾಣಿ ವಿಧವೆಯಂತೆ ನಮ್ಮ ಪಡಸಾಲೆಯಲ್ಲಿ ತಲೆಗೆ ಕೈಹೊತ್ತು ಕೂತಳು. ಆಗ ಮೊಮ್ಮಗಳು ರೇಣುಕಾ, ರೋಣದ ಕಾಲೇಜಿಗೆ ಹೋಗುವವಳು, ಎದುರಿಗೆ ನಿಂತಳು. ಚಿಕ್ಕಂದಿನಿಂದ ನಮ್ಮ ಅಂಗಳದ ತಾಲೀಮನ್ನು ಹೆಂಗಸರ ಜೊತೆ ಒಳಗಿನಿಂದಲೇ ಕೇಳಿ ಆಟದ ಹಾಡೆಲ್ಲ ಅವಳಿಗೆ ಬಾಯಿಪಾಠ. ಅಟ್ಟ ಏರುವುದೊಂದೇ ಅವಳ ಆಸೆ.

“ಸಣ್ಣಜ್ಜಾ, ನಂಗೊಂದು ಪಾರ್ಟ್ ಕೊಡು.”

“ಹೆಂಗಸರು ಹೆಂಗಸರ ಪಾರ್ಟ್ ಮಾಡಿದ್ರ ಅದರಾಗ ಕಲಾ ಎಲ್ಲಿ ಬಂತವಾ? ಅದು ಮನ್ಯಾಗ ದಿನಾ ನಡದ ಇರತೈತಿ. ಗಂಡಸು ಹೆಂಗಸಾದ್ರ ಕಲಾ!”

“ಹಂಗಾರ ಹೆಂಗಸು ಗಂಡಸಾದ್ರನೂ ಕಲಾನ. ರಾಜನ ಪಾರ್ಟ್ ಕೊಡು!”

ಮೈದುನನ ಬಾಯಿ ಬಾವಿಯಂತೆ ತೆರೆದೇ ಉಳಿಯಿತು. ನರಗುಂದದಿಂದ ಬರುವ ಮದ್ದಳೆಯ ಸಾಬರು ಮದ್ದಳೆಯ ಮೇಲೆ ‘ಧಿಮ್’ ಎಂದು ಒಂದೇ ಪೆಟ್ಟು ಹಾಕಿ, “ಆತಲ್ಲ ತೀರ್ಪ, ಮಾಸ್ತರ್!” ಅಂದರು.

ಹಾಡಿಸಿದ. ಹಾಡಿದಳು. ಕುಣಿಸಿದ. ನೆಲ ನಡುಗಿತು. ಸೋತವನ ಮೇಲೆ ಹುಡುಗಿ ಕರುಣೆಯಾದರೂ ತೋರಬೇಕೋ ಬೇಡವೋ? ಇನ್ನೂ ಎರಡು ಷರತ್ತು ಹೇರಿದಳು. ಕೂಸು, ದನ, ಮೊಣಕಾಲು ಇದ್ದವರಿಗೂ ನೋಡಲು ಸಿಗುವಂತೆ, ರಾತ್ರಿಯಿಡೀ ಆಗುವ ಆಟ ಹಗಲಲ್ಲಿ ಆಗಬೇಕು. ಅಟ್ಟದ ಮುಂದೆ ಹಗ್ಗ ಕಟ್ಟಿ ಅರ್ಧ ಜಾಗ ಹೆಂಗಸರಿಗೆ ಬಿಡಬೇಕು.

“ಹಗಲಿನಾಗ ಆಟಾ? ಬಿಸಿಲಿಗೆ ನನ್ನ ಬಣ್ಣಾ ಕರಗಿ ಹೋಗತೈತಿ!”

“ನಾವು ದಿನಾ ಬಿಸಲಾಗ ಕಳೆ ತಗೀತೀವಿ. ನಮ್ಮ ಬಣ್ಣಾ ಕರಗೇತೇನು?” ಅಂದೆ ನಾನು. ಗೊಣಗುತ್ತಲೇ ಎರಡಕ್ಕೂ ಹೂಂ ಅಂದ.

ಸುದ್ದಿ ಹರಡಿದ್ದೇ ತಡ, ಊರಿನ ನಾಲ್ಕು ಹಿರಿಯರಿಗೆ ಊರಿನ ಮಾನ ನೆನಪಾಯಿತು. ಮಳೆಗಾಲದಲ್ಲಿ ದಾರಿಯ ಕೆಸರು ಕಂಡಾಗ ನೆನಪಾಗದ ಮಾನ! ಬಂದು ಕೂತರು, ಚಹಾ ಕುಡಿದರು. “ಹೆಣ್ಣಹುಡುಗಿ ಅಟ್ಟಾ ಏರಿ ಕುಣದ್ರ ಮಂದಿ ಏನಂದಾರು? ಬ್ಯಾಡ ಅನ್ರಿ ಮಾಸ್ತರ್” ಅಂದರು. ರೇಣುಕಾ ಬಾಗಿಲ ಸಂದಿಯಲ್ಲಿ ಉಸಿರು ಹಿಡಿದು ನಿಂತಿದ್ದಳು. ಇವನು ಜಾರಿಕೊಳ್ಳುತ್ತಾನೆ ಎಂದೇ ನಾನೂ ಅಂದುಕೊಂಡೆ.

ಮೈದುನ ಎದ್ದು ನಿಂತ. “ಇಷ್ಟ ವರ್ಷ ನಾ ಸೀರಿ ಉಟ್ಟು ಕುಣದಾಗ ನಿಮ್ಮ ಮಾನಾ ಎಲ್ಲಿತ್ರೆಪಾ? ಮುಂದ ಕುಂತು ಸಿಳ್ಳಿ ಹೊಡೀತಿದ್ದಿಲ್ಲ? ಆಕಿ ಏರ್ತಾಳ. ಆಕಿ ಏರಲಿಲ್ಲಂದ್ರ ನಾನೂ ಏರಂಗಿಲ್ಲ!”

ರಾಣಿಯಿಲ್ಲದ ಆಟ ಯಾರಿಗೆ ಬೇಕು? ಹಿರಿಯರ ಮಾನ ಚಹಾದ ಜೊತೆಗೆ ಇಳಿದುಹೋಯಿತು.

ಅಂತೂ ಇವತ್ತು ಮಧ್ಯಾಹ್ನ ಆಟ. ಮುಂದಿನ ಸಾಲಿನಲ್ಲಿ ಕಂಬಳಿ ಹಾಸಿ, “ವೈನೀ, ಇಲ್ಲೇ ಕುಂಡ್ರ್ರಿ” ಎಂದು ಅವನೇ ಕೂರಿಸಿದ. ಮಾನದ ಹಿರಿಯರು ಹಗ್ಗದ ಆಚೆ ನಮಗಿಂತ ಮೊದಲೇ ಬಂದು ಕೂತಿದ್ದರು! ನನ್ನ ರಾಜ ಬಂದ. ಬೆವರಿಗೆ ಮೀಸೆಯ ಒಂದು ತುದಿ ಬಿಚ್ಚಿಕೊಂಡು ಜೋತಾಡುತ್ತಿತ್ತು. ಒಂದು ಕೈಯಲ್ಲಿ ಮೀಸೆ, ಒಂದು ಕೈಯಲ್ಲಿ ಕತ್ತಿ ಹಿಡಿದೇ ರಾಜ್ಯ ಗೆದ್ದ!

ಆಮೇಲೆ ರಾಣಿ ಬಂದಳು.

ಕೊಡ ಹೊತ್ತಂತೆ ಎಡಕ್ಕೆ ತುಸು ವಾಲಿ ನಡೆದು ಬಂದಳು. ಎಲ್ಲೋ ಕಂಡಿದ್ದೇನಲ್ಲ ಈ ನಡಿಗೆಯನ್ನು, ಅನ್ನಿಸಿತು. ರಾಜ ಯುದ್ಧಕ್ಕೆ ಹೊರಟಾಗ ಆಕೆ ಬಾಯಿ ಮಾಡಿ ಅಳಲಿಲ್ಲ. ಅಂಗೈ ಹೊರಗೆ ಚಾಚಿ ಮಣಿಕಟ್ಟಿನಿಂದ ಕಣ್ಣೊರೆಸಿಕೊಂಡಳು. ರಾಣಿಯ ಕೈಗೆ ಜೋಳದ ಹಿಟ್ಟು ಮೆತ್ತಿರುತ್ತದೆಯೇ? ನನ್ನ ಕೈಗೆ ಮೆತ್ತಿರುತ್ತಿತ್ತು. ನಾನು ಸೊಸೆಯಾಗಿ ಬಂದ ಹೊಸತರಲ್ಲಿ, ತವರು ನೆನೆದು ಒಲೆಯ ಮುಂದೆ ಹಾಗೆಯೇ ಕಣ್ಣೊರೆಸಿಕೊಳ್ಳುತ್ತಿದ್ದೆ. ಯಾರೂ ನೋಡಲಿಲ್ಲ ಅಂದುಕೊಂಡಿದ್ದೆ. ಹೊಸ್ತಿಲ ಮೇಲೆ ರೊಟ್ಟಿಗೆ ಕಾಯುತ್ತ ಕೂತಿದ್ದ ಹುಡುಗನೊಬ್ಬ ನೋಡಿದ್ದ.

ಇದು ಬೆನ್ನ ಹಿಂದಿನಿಂದ ಎಂದಾದರೂ ಕಾಣುತ್ತಿತ್ತೇ!

ಮನೆಗೆ ಬಂದ ಮೇಲೆ ಮೆಲ್ಲಗೆ ಕೇಳಿದೆ. “ಏನೋ, ಆ ರಾಣಿ ನಾನ ಏನು?”

ಅವನು ಬಳೆ ಬಿಚ್ಚುತ್ತ ಅಂದ. “ಮತ್ತ ನಾ ಯಾರ್‍ನ ನೋಡಿ ಕಲೀಲ್ರಿ ವೈನೀ? ಅದಕ್ಕ ಅಲ್ಲೇನು, ನಡಗಿ ಕೆಡಿಸ್ಕೋಬ್ಯಾಡ್ರಿ ಅಂತ ದಿನಾ ಬಡ್ಕೊಳ್ಳೋದು.”

ನಮ್ಮ ಮನೆಯಲ್ಲಿ ಗಂಡಸರ ಊಟ ಮೊದಲು, ಹೆಂಗಸರದು ಆಮೇಲೆ. ಇವತ್ತು ಸಂಜೆ ಮಣೆ ಹಾಕಿದಾಗ ದೊಡ್ಡ ತೊಡಕಾಯಿತು. ಮೀಸೆಯ ರಾಜನನ್ನು ಯಾವ ಪಂಕ್ತಿಯಲ್ಲಿ ಕೂರಿಸುವುದು? ಸೀರೆ ಬಿಚ್ಚದ ರಾಣಿಯನ್ನು ಯಾವುದರಲ್ಲಿ?

“ಏ, ಎಲ್ಲಾರೂ ಕೂಡೇ ಕುಂಡ್ರ್ರಿ!” ಅಂದಳು ರಾಣಿ, ಗಂಡು ದನಿಯಲ್ಲಿ.

ರೊಟ್ಟಿ ಬುಟ್ಟಿ, ಎಣ್ಣೆಗಾಯಿ, ಸಿಹಿಗೆ ಮಾದಲಿ ಎಲ್ಲ ನಡುವೆ ಇಟ್ಟುಕೊಂಡು ಮನೆಮಂದಿಯೆಲ್ಲ ಸುತ್ತ ಕೂತೆವು. ಮೈದುನ ಬುಟ್ಟಿಯೊಳಗಿಂದ ಬಿಸಿ ರೊಟ್ಟಿ ಆರಿಸಿ ಮೊದಲು ನನ್ನ ತಾಟಿಗೆ ಹಾಕಿದ. ನನ್ನ ಕಣ್ಣು ತುಂಬಿತು. ಕೈಗೆ ಪಲ್ಯ ಹತ್ತಿತ್ತು, ಮಣಿಕಟ್ಟಿನಿಂದ ಒರೆಸಿಕೊಂಡೆ. ಎದುರಿಗೆ ಕೂತ ರಾಣಿ ಕಣ್ಣು ಕೀಲಿಸಿ ನೋಡುತ್ತಿದ್ದಳು.

“ಹಾಂ, ಇದು ಚಲೋ ಬಂತ್ರಿ ವೈನೀ” ಅಂದಳು. “ಪಾಸ್!”