ಒಂದೇ ಸಲ ಬೇಡ ಅಂದದ್ದಕ್ಕೆ

ವಿದ್ಯಾರ್ಥಿ ಸ್ವಯಂಸೇವಕರ ವಸತಿ ವಿಭಾಗದ ಮಾನ್ಯ ಮುಖ್ಯಸ್ಥರೇ,

ತಮಗೆ, ತಮ್ಮ ಮೇಜಿಗೆ, ಆ ಮೇಜಿನ ಮೇಲೆ ನನ್ನ ದೂರಿನ ಅರ್ಜಿಯನ್ನು ನಾಲ್ಕು ತಿಂಗಳ ಕಾಲ ಬೆಚ್ಚಗೆ ಅಡಿಯಲ್ಲಿ ಇಟ್ಟುಕೊಂಡು ಕಾಪಾಡಿದ ಕಾಗದದ ರಾಶಿಗೆ ನನ್ನ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದೂ ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೀರೆಂದೂ ನಂಬಿದ್ದೇನೆ. ಹೀಗೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ತಾವು ಬೇಸರಿಸಬಾರದು. ಹಿಂದಿನ ಸಲ ಮೇಲೆ 'ಗೋಪ್ಯ' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದೇ ಕೊಟ್ಟಿದ್ದೆ; ತಾವು ಅದರ ಪ್ರತಿಯನ್ನು ಯಾರ ಮೇಲೆ ದೂರಿದ್ದೆನೋ ಅವರ ಮನೆಗೇ ಅಂಚೆಯಲ್ಲಿ ಕಳುಹಿಸಿದಿರಿ. ಈ ಸಲ ತಮಗೆ ಆ ಶ್ರಮವೂ ಬೇಡವೆಂದು ನಾನೇ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನನ್ನ ನೆನಪು ತಮಗಿರಲಿಕ್ಕಿಲ್ಲ. ಕಾಲೇಜಿನ ಎರಡನೇ ವರ್ಷ ಮುಗಿಸಿ ಎಂಟು ತಿಂಗಳ ಸೇವೆಗೆಂದು ಸಮುದ್ರ ದಾಟಿ ಬಂದವಳು ನಾನು. ಗಾಲಿಕುರ್ಚಿ, ಊರುಗೋಲುಗಳನ್ನು ಬೇಕಾದವರಿಗೆ ಎರವಲು ಕೊಡುವ ಕೇಂದ್ರದಲ್ಲಿ ನನಗೆ ಕೆಲಸ. ವಾಪಸು ಬಂದ ಕುರ್ಚಿಯನ್ನು ತಲೆಕೆಳಗು ಮಾಡಿ, ಮುಂದಿನ ಚಿಕ್ಕ ಗಾಲಿಗಳಿಗೆ ಸುತ್ತಿಕೊಂಡ ಕೂದಲು, ದಾರಗಳನ್ನು ಚಿಮಟದಿಂದ ಎಳೆದು ತೆಗೆದು, ಎಣ್ಣೆ ಬಿಟ್ಟು, ಬ್ರೇಕು ಬಿಗಿಮಾಡಿ, ಒಂದು ಸುತ್ತು ನಾನೇ ಕೂತು ಓಡಿಸಿ ನೋಡಿ ಸಾಲಿಗೆ ನಿಲ್ಲಿಸಬೇಕು. ತಾವು ನನ್ನನ್ನು ಇರಿಸಿದ್ದು ಮೂರೇ ಜನರ ಮನೆಯಲ್ಲಿ. ಮನೆಯಾಕೆ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರವರ ಬಟ್ಟೆಗಳನ್ನು ಅಗಲ ಮಾಡಿ, ಕಿರಿದು ಮಾಡಿ ಕೊಡುವವರು; ಅವರ ಯಜಮಾನರು ನಗರಸಭೆಯ ರಸ್ತೆ ಗುಡಿಸುವ ಗಾಡಿ ಓಡಿಸುವವರು; ಮೂರನೆಯವರು ಯಜಮಾನರ ತಾಯಿ. ಇವರನ್ನು ನಾನು ಚಿಕ್ಕಮ್ಮ, ಚಿಕ್ಕಪ್ಪ, ಅಜ್ಜಿ ಎಂದು ಕರೆಯುತ್ತೇನೆ. ಅರ್ಥ ಹೇಳಿಕೊಟ್ಟ ದಿನದಿಂದ ಅವರೂ ಆ ಹೆಸರುಗಳಿಗೇ ಓಗೊಡುತ್ತಾರೆ.

ಇನ್ನು ದೂರಿನ ಮೂಲಕ್ಕೆ ಬರುತ್ತೇನೆ. ಊಟದ ಹೊತ್ತಿನ 'ಬೇಡ' ಎಂಬುದು ಸಮುದ್ರದಾಚೆಯ ನಮ್ಮ ಮನೆಯಲ್ಲಿ ಒಂದೇ ಸಲಕ್ಕೆ ಮುಗಿಯುವ ಸಂಗತಿಯಲ್ಲ ಎಂಬುದನ್ನು ತಾವು ದಯವಿಟ್ಟು ಅರಿಯಬೇಕು. ಮೊದಲನೆಯ ಬೇಡ ಸಂಕೋಚಕ್ಕೆ ಹೇಳುವುದು, ಎರಡನೆಯದು ಮರ್ಯಾದೆಗೆ. ಬಡಿಸುವವರು ಸೌಟು ಹಿಡಿದು ಅಲ್ಲೇ ನಿಂತು, ಗುಬ್ಬಿಯ ಹಾಗೆ ತಿಂದರೆ ಹೇಗೆಂದು ಗದರಿಸಿ, ತಟ್ಟೆಗೆ ಅಡ್ಡ ಹಿಡಿದ ಕೈಯನ್ನು ಪಕ್ಕಕ್ಕೆ ತಳ್ಳಿ ಬಡಿಸುವ ತನಕ ಊಟ ಶುರುವಾಯಿತೆಂದು ನಾವ್ಯಾರೂ ಭಾವಿಸುವುದಿಲ್ಲ. ಅಂಥ ಮನೆಯಲ್ಲಿ ಇಪ್ಪತ್ತು ವರ್ಷ ಬೆಳೆದ ನನಗೆ, ಇಲ್ಲಿ ಮೊದಲ ಸಂಜೆ ತಟ್ಟೆಯಲ್ಲಿ ಒಂದು ಬೆಂದ ಆಲೂಗಡ್ಡೆ, ಒಂದು ತುಂಡು ಬ್ರೆಡ್ಡು ಹಾಕಿದ ಚಿಕ್ಕಮ್ಮ, ಪಾತ್ರೆಯನ್ನು ಮುಂದೆ ಹಿಡಿದು ಇನ್ನೊಂದು ಬೇಕೇ ಎಂದು ಕೇಳಿದರು. ನಾನು ತಲೆ ತಗ್ಗಿಸಿ ಬೇಡವೆಂದೆ. ಅವರು ಪಾತ್ರೆಗೆ ಮುಚ್ಚಳ ಮುಚ್ಚಿ ಒಳಗಿಟ್ಟರು. ಮುಚ್ಚಳ ಕೂತ ಸದ್ದು ನನ್ನ ಹೊಟ್ಟೆಗೆ ಕೇಳಿಸಿತು.

ಹೀಗೆ ದಿನಗಳು ಕಳೆದವು. ದಿನವೂ ಅವರು ಒಂದು ಸಲ ಕೇಳುತ್ತಿದ್ದರು, ನಾನು ಒಂದು ಸಲ ಬೇಡವೆನ್ನುತ್ತಿದ್ದೆ, ಪಾತ್ರೆ ಒಳಗೆ ಹೋಗುತ್ತಿತ್ತು. ನಾಳೆಯಾದರೂ ಎರಡನೇ ಸಲ ಕೇಳಿಯಾರು ಎಂದು ನಾನು ಚಾತಕಪಕ್ಷಿಯ ಹಾಗೆ ಕಾದೆ. ಎಂಟನೆಯ ದಿನ ಕೇಂದ್ರದಲ್ಲಿ ರಿಪೇರಿ ಮಾಡಿದ ಕುರ್ಚಿಯೊಂದರಲ್ಲಿ ಸುಸ್ತಾಗಿ ಕೂತವಳನ್ನು ಯಾರೋ ಹೆಂಗಸು ರೋಗಿಯೆಂದೇ ತಿಳಿದು, ಕನಿಕರದಿಂದ ಕೈಚೀಲ ತೆರೆದು ಎರಡು ಬಿಸ್ಕತ್ತು ಚಾಚಿದರು. ನಾನು ಅಭ್ಯಾಸಬಲದಿಂದ ಬೇಡವೆಂದೆ, ಅವರೂ ವಾಪಸು ಇಟ್ಟುಕೊಂಡರು. ಒಂಬತ್ತನೆಯ ದಿನ ತಮ್ಮ ಕಚೇರಿಯ 'ಮೊದಲ ಅನಿಸಿಕೆಗಳು' ಎಂಬ ಫಾರಂ ಕೈಗೆ ಬಂದಾಗ ಹೊಟ್ಟೆ ತಾಳ ಹಾಕುತ್ತಿತ್ತು. ಅದೇ ತಾಳದಲ್ಲಿ, 'ಈ ಮನೆಯಲ್ಲಿ ಹೊಟ್ಟೆ ತುಂಬ ಊಟ ಹಾಕುವುದಿಲ್ಲ' ಎಂದು ಬರೆದುಬಿಟ್ಟೆ.

ಹನ್ನೆರಡನೆಯ ದಿನ ಅಜ್ಜಿ ನನ್ನನ್ನು ಏನೂ ಕೇಳಲಿಲ್ಲ. ತಮ್ಮ ತಟ್ಟೆಯ ಆಲೂಗಡ್ಡೆ ಎತ್ತಿ ನನ್ನ ತಟ್ಟೆಗೆ ಹಾಕಿ, ತಿನ್ನು ಎಂದು ಹೇಳಿ ಮುಖ ಆ ಕಡೆ ತಿರುಗಿಸಿದರು. ನನಗೆ ಅಳು ಬಂತು, ಅಳುತ್ತಲೇ ತಿಂದೆ. ಅಂದಿನಿಂದ ಇವರ ಭಾಷೆಯಲ್ಲಿ 'ಬೇಕು' ಅನ್ನಲು ಕಲಿತೆ. ತಿಂಗಳು ತುಂಬುವುದರೊಳಗೆ ನಾಚಿಕೆಯನ್ನು ಗಾಳಿಗೆ ತೂರಿ ನಾನೇ ಮುಚ್ಚಳ ತೆಗೆಯತೊಡಗಿದೆ. ಇದಕ್ಕೆ ಸಾಕ್ಷಿ ಬೇಕಾದರೆ ಚಿಕ್ಕಮ್ಮನ ಅಳತೆ ಪುಸ್ತಕದಲ್ಲಿದೆ, ನನ್ನ ಸೊಂಟಪಟ್ಟಿಯನ್ನು ಅವರು ಎರಡು ಸಲ ಬಿಚ್ಚಿ ಅಗಲ ಮಾಡಿದ್ದಾರೆ. ಈಗ ನಾನು ಬೆಳಿಗ್ಗೆ ಹೊರಡುವ ಮುನ್ನ ಹತ್ತು ಸೂಜಿಗಳಿಗೆ ದಾರ ಪೋಣಿಸಿ ಚಿಕ್ಕಮ್ಮನ ಸೂಜಿದಿಂಬಿಗೆ ಚುಚ್ಚಿಟ್ಟು ಹೋಗುತ್ತೇನೆ. ಹಿಂದೆ ಅದು ಅಜ್ಜಿಯ ಕೆಲಸ. ಕಣ್ಣು ಮಂಜಾದ ಮೇಲೂ ಅವರು ಅದನ್ನು ಬೇರೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲವಂತೆ. ಫಾರಂ ಬರೆದದ್ದನ್ನು ನಾನು ಮರೆತೇಬಿಟ್ಟಿದ್ದೆ.

ತಾವು ಮರೆಯಲಿಲ್ಲ. ತಮ್ಮ ಕರ್ತವ್ಯನಿಷ್ಠೆಗೆ ನಾನು ತಲೆಬಾಗುತ್ತೇನೆ. ನಾನು ನಿಜವಾಗಿ ಹಸಿದಿದ್ದರೆ ಈ ನಾಲ್ಕು ತಿಂಗಳಲ್ಲಿ ಏನಾಗಿರುತ್ತಿದ್ದೆ ಎಂಬ ಕ್ಷುಲ್ಲಕ ಯೋಚನೆಯಿಂದ ವಿಚಲಿತರಾಗದೆ, ಪ್ರತಿ ಪುಟಕ್ಕೂ ಮುದ್ರೆ ಒತ್ತಿ, ಮೊನ್ನೆ ಗುರುವಾರ ತಲುಪುವಂತೆ ಆದೇಶ ಕಳುಹಿಸಿದ್ದೀರಿ. ಊಟದ ಕೊರತೆಯ ಕಾರಣ ಸೋಮವಾರ ಬೆಳಿಗ್ಗೆ ನನ್ನನ್ನು ಬೇರೆ ಮನೆಗೆ ಸಾಗಿಸಲಾಗುವುದು. ಅಲ್ಲಿ ಪ್ರತ್ಯೇಕ ಸ್ನಾನದ ಕೋಣೆಯೂ, ಯಾವ ಹೊತ್ತಿಗೂ ತೆರೆಯಬಹುದಾದ ಎರಡು ಬಾಗಿಲಿನ ಫ್ರಿಜ್ಜೂ ಇವೆ. ಅಂಥ ಫ್ರಿಜ್ಜಿನ ಬಗ್ಗೆ ನನಗೆ ಗೌರವವಿದೆ, ಆದರೆ ಅದು ತಾನಾಗಿಯೇ ಯಾರ ತಟ್ಟೆಗೂ ಆಲೂಗಡ್ಡೆ ಹಾಕಿದ್ದನ್ನು ನಾನು ಕೇಳಿಲ್ಲ.

ಆದೇಶವನ್ನೂ ಅದಕ್ಕೆ ಲಗತ್ತಿಸಿದ್ದ ನನ್ನ ದೂರನ್ನೂ ಮೊದಲು ಓದಿದವರು ಚಿಕ್ಕಮ್ಮ. ಬಾಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡು ನಿಂತಿದ್ದವರು ಓದಿ ಮುಗಿಸಿ, ಅವುಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿ, "ಹಸಿವಾಗಿದ್ರೆ ನನ್ನ ಹತ್ರ ಹೇಳೋದಕ್ಕೇನಾಗಿತ್ತು? ಅವರ ಹತ್ರ ಹೇಳಿದೆಯಲ್ಲ," ಎಂದರು. ಆಮೇಲೆ ಊಟದ ಹೊತ್ತಿನವರೆಗೂ ಯಂತ್ರದ ಮುಂದಿನಿಂದ ಏಳಲಿಲ್ಲ. ನಾನು ಹದಿನೆಂಟು ವಿದ್ಯಾರ್ಥಿಗಳ ನಂತರ ಈ ಮನೆಗೆ ಬಂದವಳು, ಮೊದಲಿನ ಹದಿನೆಂಟು ಮಂದಿಯ ಫೋಟೋಗಳು ಮೆಟ್ಟಿಲ ಗೋಡೆಯ ಮೇಲಿವೆ. ಅವರೆಲ್ಲರ ಎದುರಿಗೆ ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಸಂಜೆ ನಾನು ನಮ್ಮ ಮನೆಯ 'ಬೇಡ'ದ ಕ್ರಮವನ್ನು ವಿವರಿಸಿದೆ. ಯಾವುದನ್ನೂ ನಿಯಮ ಬಿಟ್ಟು ಮಾಡದ ಚಿಕ್ಕಪ್ಪ ಎದ್ದುಹೋಗಿ ಅಡುಗೆಮನೆಯ ಮೊಳೆಗೆ ತೂಗುಹಾಕಿದ್ದ, ಆತಿಥೇಯರಿಗಾಗಿ ತಾವು ಕೊಟ್ಟ ಕೈಪಿಡಿಯನ್ನು ತಂದು ಏಳನೇ ಪುಟ ತೆರೆದರು. ಅತಿಥಿ ಬೇಡವೆಂದರೆ ಮತ್ತೆ ಕೇಳಿ ಮುಜುಗರಪಡಿಸಬಾರದು ಎಂದು ಅಲ್ಲಿ ಅಚ್ಚಾಗಿದೆ. ನಾನು ವಿದ್ಯಾರ್ಥಿಗಳ ಕೈಪಿಡಿ ತಂದೆ. ಬಡಿಸಿದ್ದಕ್ಕಿಂತ ಹೆಚ್ಚಿನದನ್ನು ಕೇಳಿ ಮನೆಯವರಿಗೆ ತೊಂದರೆ ಕೊಡಬಾರದು ಎಂದು ಅದರ ನಾಲ್ಕನೇ ಪುಟದಲ್ಲಿದೆ. ಎರಡನ್ನೂ ಊಟದ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದೆವು. ಎರಡರ ಕೊನೆಯ ಪುಟದಲ್ಲೂ ತಮ್ಮದೇ ಸುಂದರವಾದ ಸಹಿಯಿತ್ತು. ಅವರು ತಮ್ಮ ಮಾತು ಕೇಳಿ ಬಡಿಸಲಿಲ್ಲ, ನಾನು ತಮ್ಮ ಮಾತು ಕೇಳಿ ಬೇಡಲಿಲ್ಲ. ಆ ಹನ್ನೊಂದು ದಿನ ಇಬ್ಬರೂ ತಮಗೆ ಅಷ್ಟು ವಿಧೇಯರಾಗಿದ್ದೆವು. ಎರಡು ಕೈಪಿಡಿಗಳಲ್ಲಿ ಯಾವುದನ್ನೂ ಓದದ ಅಜ್ಜಿಯೊಬ್ಬರೇ ತಪ್ಪಿತಸ್ಥರು.

ನಿನ್ನೆ ಶುಕ್ರವಾರ ತಮ್ಮ ಕಚೇರಿಗೆ ಓಡಿಬಂದು, ದೂರು ಹಿಂದೆ ಪಡೆಯುತ್ತೇನೆಂದು ಕಿಟಕಿಯಾಚೆಯ ಗುಮಾಸ್ತರಲ್ಲಿ ಕೈಮುಗಿದು ಕೇಳಿಕೊಂಡೆ. ದೂರು ಕೊಡಲು ಫಾರಂ ಇದೆ, ಹಿಂದೆ ಪಡೆಯಲು ಇಲ್ಲ, ಇಲ್ಲದ ಫಾರಮ್ಮಿನಲ್ಲಿ ಅರ್ಜಿ ಸ್ವೀಕರಿಸಲು ಬರುವುದಿಲ್ಲ ಎಂದು ಅವರು ಬಹಳ ಮೃದುವಾಗಿ ತಿಳಿಸಿದರು. ಬರಿಗೈಯಲ್ಲಿ ಕಳುಹಿಸಬಾರದೆಂದೋ ಏನೋ, ಖಾಲಿ ದೂರಿನ ಫಾರಂ ಒಂದನ್ನು ಕೈಗಿತ್ತರು.

ಆದ್ದರಿಂದ ತಮ್ಮಲ್ಲಿ ನನ್ನ ಕೆಲವು ಸಣ್ಣ ಬೇಡಿಕೆಗಳಿವೆ. ಆದೇಶ ಜಾರಿಯಾಗುವ ಮುನ್ನ ತೂಕದ ಯಂತ್ರದೊಂದಿಗೆ ಒಬ್ಬ ತನಿಖಾಧಿಕಾರಿಯನ್ನು ಕಳುಹಿಸಬೇಕು, ನಾನು ಸ್ವಇಚ್ಛೆಯಿಂದ ಅದರ ಮೇಲೆ ನಿಲ್ಲುತ್ತೇನೆ, ಯಂತ್ರಕ್ಕೆ ಏನಾದರೂ ಆದರೆ ಮಾತ್ರ ಜವಾಬ್ದಾರಳಲ್ಲ. ಅಧಿಕಾರಿ ಸಿಗದಿದ್ದರೆ ತಾವೇ ಭಾನುವಾರ ಊಟಕ್ಕೆ ದಯಮಾಡಿಸಿ, ಚಿಕ್ಕಮ್ಮ ಪಾತ್ರೆ ಹಿಡಿದಾಗ ಒಂದೇ ಒಂದು ಸಲ ಬೇಡವೆಂದು ನೋಡಬೇಕು. ಗುರುವಾರದಿಂದ ಈ ಮನೆಯಲ್ಲಿ ಪ್ರತಿಯೊಬ್ಬರನ್ನೂ ಮೂರು ಸಲ ಕೇಳುವ ಪದ್ಧತಿ ಜಾರಿಗೆ ಬಂದಿದ್ದು, ಚಿಕ್ಕಪ್ಪ ಅದನ್ನು ನಿಯಮವೆಂದೇ ಸ್ವೀಕರಿಸಿ ಬೆರಳೆಣಿಸಿ ಪಾಲಿಸುತ್ತಿದ್ದಾರೆ. ಹೊಟ್ಟೆ ಬಿರಿಯುವಂತೆ ತುಂಬಿದ ಮೇಲೆ ನಾನು ನಿಜವಾಗಿ ಹೇಳುವ ಬೇಡವನ್ನೂ ಈಗ ಯಾರೂ ನಂಬುತ್ತಿಲ್ಲ. ಇದೊಂದು ನ್ಯಾಯವಾದ ದೂರು, ಆದರೆ ಇದನ್ನು ಫಾರಮ್ಮಿನಲ್ಲಿ ಬರೆಯುವ ಧೈರ್ಯ ನನಗಿನ್ನು ಈ ಜನ್ಮದಲ್ಲಿ ಬಾರದು.

ತಮ್ಮ ಸಹಿ ಹೀಗೆಯೇ ಎಲ್ಲ ಪುಟಗಳ ಮೇಲೂ ಮಿನುಗುತ್ತಿರಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ತಮ್ಮ ಕಡತದ ಪ್ರಕಾರ ಇನ್ನೂ ಹಸಿದೇ ಇರುವ ಸ್ವಯಂಸೇವಕಿ

ವಿ.ಸೂ.: ಗುಮಾಸ್ತರು ಕೊಟ್ಟ ಖಾಲಿ ಫಾರಂ ವ್ಯರ್ಥವಾಗಲಿಲ್ಲ. ಹದಿನೆಂಟು ವಿದ್ಯಾರ್ಥಿಗಳಲ್ಲಿ ಒಬ್ಬರ ಮೇಲೂ ಒಂದು ಮಾತು ಬರೆಯದ ಚಿಕ್ಕಮ್ಮ ನಿನ್ನೆ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು, ಬಟ್ಟೆಗೆ ಗುರುತು ಹಾಕುವ ಪೆನ್ಸಿಲಿನಲ್ಲಿ ನನ್ನ ಮೇಲೆ ದೂರು ಬರೆದು, ಇಂದು ಬೆಳಿಗ್ಗೆ ತಮ್ಮ ಕಿಟಕಿಯಲ್ಲಿ ಕೊಟ್ಟು ಮುದ್ರೆ ಒತ್ತಿಸಿಕೊಂಡು ಬಂದಿದ್ದಾರೆ. ದೂರು ಏನು ಎಂಬಲ್ಲಿ 'ಸೋಮವಾರ ಮನೆ ಬಿಟ್ಟು ಹೋಗ್ತಾಳಂತೆ' ಎಂದಿದೆ. ತೊಂದರೆ ಯಾವಾಗಿನಿಂದ ಎಂಬಲ್ಲಿ 'ಗುರುವಾರದಿಂದ' ಎಂದಿದೆ. ಆತಿಥೇಯರು ದೂರಿದಲ್ಲಿ ವಿಚಾರಣೆ ಮುಗಿಯುವ ತನಕ ಸ್ವಯಂಸೇವಕರನ್ನು ಆ ಮನೆಯಿಂದ ಕದಲಿಸುವಂತಿಲ್ಲ ಎಂಬ ತಮ್ಮ ಕೈಪಿಡಿಯ ಮೂವತ್ತೊಂದನೇ ಪುಟವನ್ನು ಚಿಕ್ಕಪ್ಪ ನಮಗೆ ಎರಡು ಸಲ ಓದಿ ಹೇಳಿದ್ದಾರೆ. ತಮ್ಮಲ್ಲಿ ವಿಚಾರಣೆಗೆ ನಾಲ್ಕು ತಿಂಗಳು ಹಿಡಿಯುತ್ತದೆ, ನನಗೆ ಇಲ್ಲಿ ಉಳಿದಿರುವುದು ಮೂರೂವರೆ. ದಯವಿಟ್ಟು ಅವಸರ ಮಾಡಬೇಡಿ.