ಪಂಗಾಳಿ ಮುಲ್ಲೈ

ನಮ್ಮ ಭಾವನಷ್ಟು ಹೂವಿನ ಬಾಯಿ ಅಗಲಿಸಿ ನೋಡಿದ ಗಂಡಸು ಕಂಬಂ ಕಣಿವೆಯಲ್ಲಿ ಇನ್ನೊಬ್ಬ ಹುಟ್ಟಿಲ್ಲ. ಹುಟ್ಟುವುದೂ ಬೇಡ, ಈ ಒಬ್ಬರ ಹಿಂದೆ ತಿರುಗಿಯೇ ನಾನು ಸುಸ್ತಾಗಿದ್ದೇನೆ! ಅವರು ನನ್ನ ಅಕ್ಕನ ಗಂಡ. ತೇವಾರಂನಲ್ಲಿ ಹೊಲ, ಹೊಲದ ಪಕ್ಕ ಮುಲ್ಲೈ ತೋಟ, ನನ್ನ ಜೊತೆ ಪಾಲಿನಲ್ಲಿ ಒಂದು ಎತ್ತಿನ ಗಾಡಿ. ಮುಲ್ಲೈ ಎಂದರೆ ಸೂಜಿಮಲ್ಲಿಗೆ. ಬೆಟ್ಟದ ಮೇಲೆ ಬಿಳಿ ದೊರೆಗಳು ಪೆರಿಯಾರ್ ಹೊಳೆಗೆ ಅಣೆ ಕಟ್ಟಿಸುತ್ತಿದ್ದ ಕಾಲ ಅದು. ಊರಿಗೆ ಊರೇ ನೀರು ಯಾವಾಗ ಇಳಿಯುತ್ತದೆ ಎಂದು ಕೇಳುತ್ತಿದ್ದರೆ ಭಾವ ನನ್ನನ್ನು ಕೇಳುತ್ತಿದ್ದುದು ಒಂದೇ: "ಮಚ್ಚಾ, ನಮ್ ಮುಲ್ಲೈ ಯಾಕ್ ಕಾಯ್ ಬುಡದಿಲ್ಲ?"

ಮುಡಿಯುವ ಹೂವಿಗೆ ಕಾಯಿ ಯಾಕೆ? ಹುಳಿಗೆ ಹಾಕುವುದಕ್ಕೆಯೆ?

ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಕ್ಕನಿಗೆ ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಾಗಿರಲಿಲ್ಲ. ಭಾವನ ತಾಯಿ, ಅಂದರೆ ನನ್ನ ಅತ್ತೆ, ಅವಳನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟಿದ್ದರು. ಬಂಜೆಗೆ ನಮ್ಮ ಕಡೆ ಮಲಡಿ ಎನ್ನುತ್ತಾರೆ. ಅದೇ ಅವಳ ಹೆಸರಾಗಿತ್ತು. ಬೋಡಿ ಕಡೆಯಿಂದ ಇನ್ನೊಂದು ಹೆಣ್ಣು ತರುವ ಮಾತು ಮನೆಯಲ್ಲಿ ದಿನವೂ ಏಳುತ್ತಿತ್ತು. ಈ ಮಹಾನುಭಾವರೋ ಗಿಡದ ಬುಡದಲ್ಲಿ ಕೂತಿರುತ್ತಿದ್ದರು!

ಮುಲ್ಲೈಯನ್ನು ಮೊಗ್ಗಿನಲ್ಲೇ ಬಿಡಿಸಬೇಕು, ಅರಳಿದರೆ ಯಾರೂ ಕೊಳ್ಳುವುದಿಲ್ಲ. ಭಾವ ಹತ್ತು ಗಿಡದ ಮೊಗ್ಗು ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡಿದರು. ಅತ್ತೆ ಬಾಯಿ ಬಾಯಿ ಬಡಿದುಕೊಂಡರು. ಹೂ ಅರಳಿತು, ಬಾಡಿತು, ಉದುರಿತು. ಒಂದೇ ಒಂದು ಕಾಯಿಯಿಲ್ಲ. ಮರುವರ್ಷವೂ ಇಲ್ಲ. ಆಗ ಭಾವ ಉಗುರಿನಿಂದ ಹೂ ಸೀಳಿ ನೋಡಿದರು. ನಡುವೆ ಒಂದು ಸಣ್ಣ ಸೂಜಿ ಬಾಯಿಯವರೆಗೆ ಎದ್ದು ನಿಂತಿದೆ. ಧೂಳಿನ ಚೀಲಗಳು ಕೆಳಗೆ ಗಂಟಲಲ್ಲಿ ಅಡಗಿವೆ. ಪಕ್ಕದ ಮನೆಯ ಗಿಡದಲ್ಲೂ ಹಾಗೆಯೇ. ಊರಿನ ಅಷ್ಟೂ ಹಿತ್ತಿಲು ಸುತ್ತಿ ಬಂದರು, ಎಲ್ಲ ಕಡೆಯೂ ಹಾಗೆಯೇ. ಯಾಕೆಂದರೆ ಊರಿನ ಮುಲ್ಲೈಯೆಲ್ಲ ಯಾವುದೋ ಒಂದು ತಾಯಿಗಿಡದ ಕಡ್ಡಿ ಮುರಿದು ನೆಟ್ಟದ್ದು.

"ಎಲ್ಲಾ ಪಂಗಾಳಿ ಮಚ್ಚಾ!" ಎಂದು ಕುಣಿದಾಡಿದರು.

ಪಂಗಾಳಿ ಎಂದರೆ ಒಂದೇ ಕುಲದ ದಾಯಾದಿಗಳು. ನಾವು ಕನ್ನಡದವರು ಈ ತಮಿಳು ಸೀಮೆಗೆ ಬಂದು ಎಷ್ಟು ತಲೆಮಾರಾಯಿತೋ ನೆನಪಿಲ್ಲ, ಆದರೆ ಯಾರು ಪಂಗಾಳಿ, ಯಾರು ಹೆಣ್ಣು ಕೊಟ್ಟು ತರುವ ಮಾಮ-ಮಚ್ಚಾನ್ ಎಂಬುದನ್ನು ಮಾತ್ರ ಒಬ್ಬರೂ ಮರೆತಿಲ್ಲ. ಪಂಗಾಳಿಗಳೊಳಗೆ ಸಂಬಂಧ ಕೂಡದು. ಗಿಡಗಳಿಗೂ ಈ ಕಟ್ಟಳೆ ಇದೆಯೆಂದು ಕಂಡುಹಿಡಿದವರು ನಮ್ಮ ಭಾವ! ಎಲ್ಲೋ ಮಚ್ಚಾನ್ ಕಡೆಯ ಮುಲ್ಲೈ ಇರಲೇಬೇಕು, ಅದರ ಸೂಜಿ ಗಿಡ್ಡವಾಗಿರಬೇಕು, ಧೂಳು ಬಾಯಲ್ಲಿರಬೇಕು, ಆ ಧೂಳು ನಮ್ಮ ಉದ್ದ ಸೂಜಿಗೆ ತಾಗಿದರೆ ಕಾಯಿ ಕಟ್ಟುತ್ತದೆ ಎಂದು ಹುಡುಕಲು ಹೊರಟರು.

ಕಾಮಯಗೌಂಡನ್‌ಪಟ್ಟಿಯ ಒಂದು ಮದುವೆಯಲ್ಲಿ ಭಾವ ಮುಂದೆ ಕೂತ ಹೆಂಗಸಿನ ತಲೆಯನ್ನೇ ದಿಟ್ಟಿಸುತ್ತ, ಬಗ್ಗಿ ಬಗ್ಗಿ ಹತ್ತಿರ ಹೋದರು. ಅವಳ ಗಂಡ ಬಂದು ಕುತ್ತಿಗೆ ಹಿಡಿದ.

"ಅಯ್ಯಾ, ನಾನ್ ನೋಡಿದ್ದು ಹೂವ! ನಿನ್ನೆಂಡ್ತಿ ಮುಡ್ದಿರದೂ ನಮ್ಮೂರ್ ಪಂಗಾಳಿನೇ, ಬುಡು!"

ಬಿಡುತ್ತಾನೆಯೆ? ಇನ್ನೆರಡು ಬಿಗಿದ. ಅವರನ್ನು ಬಿಡಿಸಿಕೊಂಡು ಬರುವಷ್ಟರಲ್ಲಿ ನನ್ನ ಪಾಲಿನ ಊಟ ತಪ್ಪಿಹೋಗಿತ್ತು.

ಕಡೆಗೆ ಏಲಕ್ಕಿ ಮೂಟೆ ಹೇರಿಕೊಂಡು ದಿಂಡಿಗಲ್ ರೈಲು ಸ್ಟೇಷನ್ನಿಗೆ ಗಾಡಿ ಹೊಡೆದಾಗ, ಅಲ್ಲಿಯ ಒಂದು ತೋಟದಲ್ಲಿ ಗಿಡ್ಡ ಸೂಜಿಯ ಮುಲ್ಲೈ ಸಿಕ್ಕಿತು. ಭಾವ ಗಿಡಕ್ಕೆ ಕೈಮುಗಿದರು! ಬೇರು ಸಮೇತ ಒಂದು ಸಸಿ ಬೇಡಿ ಪಡೆದು, ಒದ್ದೆ ಬಟ್ಟೆ ಸುತ್ತಿ, ಇದ್ದ ಒಂದೇ ಕೊಡೆಯನ್ನು ಅದಕ್ಕೆ ಹಿಡಿದರು. ನಾನು ಬಿಸಿಲಲ್ಲಿ. ದಾರಿಯಲ್ಲಿ ಎದುರಾದ ಗಾಡಿಯವರು ಯಾರೇ "ಗಾಡೀಲೇನು?" ಎಂದರೂ ಒಂದೇ ಉತ್ತರ: "ಹೆಣ್ ತತ್ತಿದೀನಿ. ದಿಂಡಿಗಲ್ ಹೆಣ್ಣು."

ಈ ಸುದ್ದಿ ನಮಗಿಂತ ಮೊದಲೇ ತೇವಾರಂ ಮುಟ್ಟಿತ್ತು. ನಾವು ಬಂದಾಗ ಅತ್ತೆ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅಕ್ಕ ಒಳಗೆ ತವರಿಗೆ ಹೊರಡಲು ಸೀರೆಗಳ ಗಂಟು ಕಟ್ಟಿಕೊಂಡು ಕೂತಿದ್ದಳು.

"ಎಲ್ಲಪ್ಪಾ ಹೆಣ್ಣು?"

ಭಾವ ಕೊಡೆ ಸರಿಸಿ ಸಸಿ ತೋರಿಸಿದರು. ಅತ್ತೆ "ಅಡೇಯ್ ಪೈತ್ಯಕಾರಾ, ಹುಚ್ಚಾ!" ಎಂದು ತಟ್ಟೆಯನ್ನು ಅಂಗಳಕ್ಕೆ ಎಸೆದರು. ಊರು ಒಂದು ವಾರ ನಕ್ಕಿತು, ನಾನೂ ನಕ್ಕೆ. ಅಕ್ಕನ ಗಂಟು ಬಿಚ್ಚಿಸಲು ಮಾತ್ರ ಎರಡು ದಿನ ಹಿಡಿಯಿತು.

ದಿಂಡಿಗಲ್ ಸಸಿ ಬೇರೂರಿ ಹೂ ಬಿಡಲು ಒಂದು ವರ್ಷ ದಾಟಿತು. ಅಷ್ಟರಲ್ಲಿ ಬೋಡಿ ಹೆಣ್ಣಿನ ಮಾತು ಗಟ್ಟಿಯಾಗಿ, ದಿನ ಗೊತ್ತುಮಾಡಲು ಕುಲದ ಹಿರಿಯರು ಬಂದು ನಮ್ಮ ಭಾವನ ಪಡಸಾಲೆಯಲ್ಲಿ ಕೂತರು. ಎಲೆ ಅಡಿಕೆ ಎದುರಿಗಿತ್ತು. ಭಾವ ತೋಟದಿಂದ ನೇರವಾಗಿ, ಕೈ ಮಣ್ಣಾಗಿದ್ದ ಹಾಗೇ ಬಂದು ಎರಡು ಕಡ್ಡಿಗಳನ್ನು ನಡುವೆ ಇಟ್ಟರು. ಎರಡರ ತುಂಬ ಕಾಯಿ! ಮೆಣಸಿಗಿಂತ ಕೊಂಚ ದಪ್ಪ, ಕೆಲವು ಕಪ್ಪಗೆ ಹಣ್ಣಾಗಿದ್ದವು. ಮುಲ್ಲೈ ಕಾಯಿಯನ್ನು ಅಲ್ಲಿದ್ದ ಯಾರೂ ಕಂಡಿರಲಿಲ್ಲ.

ಅತ್ತೆ ಚಪ್ಪಾಳೆ ತಟ್ಟಿದರು. "ನೋಡಿದ್ರಾ? ನಾ ಹೇಳದೂ ಅದ್ನೇ! ಬ್ಯಾರೆ ಕಡೆಯಿಂದ ತಂದ್ರೆ ಕಾಯ್ ಕಾಯ್ತದೆ! ಹೂಂ, ದಿನ ನೋಡಿ!"

ಇಷ್ಟು ವರ್ಷ ತಿರುಗಿ ತಿರುಗಿ ಈ ಮನುಷ್ಯ ನನ್ನ ಅಕ್ಕನ ಕತ್ತಿಗೇ ಕತ್ತಿ ಮಸೆದು ತಂದನಲ್ಲ!

ಭಾವ ಒಂದು ಕಡ್ಡಿ ಎತ್ತಿದರು. "ಅವ್ವಾ, ಇದು ದಿಂಡಿಗಲ್ ಗಿಡದ್ದಲ್ಲ. ನಮ್ ಹಳೇ ಗಿಡದ್ದು. ಇಷ್ಟು ವರ್ಸ ಕಾಯಿಲ್ಲ ಅಂತ ನಿಂತಿತ್ತಲ್ಲ, ಅದ್ರುದು. ಅದು ಯಾವತ್ತೂ ಮಲಡಿ ಆಗಿರ್ಲಿಲ್ಲ."

ಭಾವ ಕಡ್ಡಿಯನ್ನು ಅತ್ತೆಯ ಮುಂದೆ ಇಟ್ಟು ಹಿರಿಯರತ್ತ ತಿರುಗಿದರು.

"ಇಬ್ರು ಸೇರಿ ಆಗೋದು ಇದು. ಕೊರತೆ ಯಾರ್ದು ಅಂತ ನಿಮಗ್ ಯಾರ್ ಹೇಳಿದ್ದು? ಮಲಡನ್ ನಾನೇ ಇರ್ಬೋದು. ಇನ್ನೊಂದ್ ಹೆಣ್ ತಂದ್ರೆ, ನಾಳಿಕ್ ಅವಳನ್ನೂ ಮಲಡಿ ಅಂತೀರಿ. ಇವತ್ತಿಂದ ಆ ಮಾತು ಆಡಂಗಿದ್ರೆ ನನಗೇ ಆಡಿ."

ಗಂಡಸಿಗೆ ಆ ಮಾತನ್ನು ನಮ್ಮೂರಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ. ಇವರು ತಮಗೆ ತಾವೇ, ಕುಲದ ಹಿರಿಯರ ಎದುರಿಗೆ, ಹೆತ್ತ ತಾಯಿಯ ಎದುರಿಗೆ ಆಡಿಕೊಂಡಿದ್ದರು. ಇಷ್ಟು ವರ್ಷ ಇವರನ್ನು ನೋಡಿ ನಕ್ಕಿದ್ದೆನಲ್ಲ ಎಂದು ನನಗೆ ತಲೆ ಎತ್ತಲಾಗಲಿಲ್ಲ. ಹಿರಿಯರು ಒಬ್ಬೊಬ್ಬರಾಗಿ ಮೇಲುವಸ್ತ್ರ ಕೊಡವಿಕೊಂಡು ಎದ್ದರು. ಆಗ ಅಕ್ಕ ಒಳಗಿನಿಂದ ಬಂದಳು. ಹಿರಿಯರ ಎದುರು ಗಂಡನ ಪಕ್ಕ ಹೆಂಡತಿ ಕೂರುವುದು ನಮ್ಮಲ್ಲಿ ಇಲ್ಲ. ಅವಳು ಬಂದು ಭಾವನ ಪಕ್ಕದಲ್ಲಿ ಕೂತಳು. ಮಣ್ಣಾದ ಅವರ ಕೈಯನ್ನು ತನ್ನ ಸೆರಗಿನಿಂದ ಒರೆಸತೊಡಗಿದಳು.