ಕತ್ತಲಗಡದ ಬಾಗಲಾಗ ನಿಂತವರು

ನಮ್ಮ ಗೋಕಾಕದ ಓಣ್ಯಾಗ ಒಂದ ದಿನಾನೂ ಸುಮ್ನ ಹೋಗೂದಿಲ್ಲ. ಮುಂಜಾನಿಂದ ಏನೂ ಆಗಿಲ್ಲಂದ್ರ ಸಂಜಿತನಕ ಕಾದ್ರ ಸಾಕು, ಯಾರದರ ಮನ್ಯಾಗ ಏನರ ಆಗೇ ತೀರತೈತಿ. ಖರೆ ಈ ಬ್ಯಾಸಿಗ್ಯಾಗ ಆದದ್ದು ಮಾತ್ರ ನಾ ಹಿಂದೆಂದೂ ಕಂಡದ್ದಲ್ಲ, ಕೇಳಿದ್ದಲ್ಲ. ಎರಡನೆತ್ತಾ ತನಕ ಸಾಲಿ ಕಲಿತಾಕಿ ನಾನು, ಬರದದ್ದು ಸೊಟ್ಟ ಇದ್ರ ನೀವ ನೆಟ್ಟಗ ಓದ್ಕೋರಿ.

ನೆರಳ ಕುಡಿಯೋ ರಾಜ

ನಮ್ಮ ಎದುರಮನಿ ಸೊಸಿ ಹುಕ್ಕೇರಿಯಾಕಿ. ಮಾತಾಡಿದ್ರ ಬಾಜೂದವರಿಗೆ ಕೇಳಸೂದಿಲ್ಲ, ಬರಿಯೋದು ಮಾತ್ರ ದೆವ್ವದ ಕಥಿ. ಕತ್ತಲಗಡ ಅಂತ ಒಂದು ಕ್ವಾಟಿ, ಅಲ್ಲಿ ರಾಜ ಮಂದಿ ನೆರಳ ಕುಡದು ಬದುಕ್ತಾನ. ನೆರಳ ಕಳಕೊಂಡಾಂವ ತಾ ಯಾರಂತ ಮರೀತಾನ. ಈ ರಾಜನ ಮ್ಯಾಲೆ ಮೂರು ದಪ್ಪ ಪುಸ್ತಕ ಬರದು ಅಚ್ಚ ಹಾಕಿಸ್ಯಾಳ. ರೊಟ್ಟಿ ಬಡಿಯೋ ಕೈಗೆ ಇಂಥಾದ್ದು ಎಲ್ಲಿಂದ ಬರತೈತಿ ಅಂತ ನಾ ಬಾಯಿ ತಕ್ಕೊಂಡು ನೋಡ್ತಿದ್ದೆ.

ನಾಕನೇ ಪುಸ್ತಕಕ್ಕ ಅತ್ತಿ ಅಡ್ಡ ನಿಂತ್ಲು.

"ರಾಜ ಸತ್ತ, ಕಥಿ ಮುಗೀತು. ಇನ್ನೇನು ಬರೀತಿ?"

"ರಾಜ ಇದ್ದಾಗ ಅವನ ಹಿಂದ ದೀಪ ಹಿಡಕೊಂಡು ನಿಂತಾಕಿದು, ಕುದುರಿ ನೋಡಾಂವಂದು, ಬಾಗಲ ಕಾಯೋ ರಾಕ್ಷಸಿದು ಬರೀತೀನ್ರಿ ಅತ್ತಿ. ಒಬ್ಬೊಬ್ಬರದು ಒಂದೊಂದು ಸಣ್ಣ ಕಥಿ."

"ಸೊಸಿ ದೆವ್ವ ಸಾಕ್ಯಾಳಂತ ಓಣಿ ತುಂಬ ಮಾತಾಡಾಕತ್ತಾರ. ಯಾರ ಎಬ್ಬಿಸಿದ್ರೋ." ಇಷ್ಟ ಅಂದು ನನ್ನ ಕಡೆ ನೋಡಿದ್ಲು. ನಾ ಗ್ವಾಡಿ ಕಡೆ ನೋಡಿದೆ.

ಕಡೀಕ ಅತ್ತಿ ಒಂದು ಷರತ್ತು ಹಾಕಿದ್ಲು. "ಮಧ್ಯಾಹ್ನ ಭಾಂಡಿ ತೊಳದ ಮ್ಯಾಲೆ ಪಡಸಾಲ್ಯಾಗ ಓಣಿ ಹೆಣ್ಣಮಕ್ಕಳ ಮುಂದ ಓದು. ನಡುವ ಒಬ್ಬಾಕಿ ಎದ್ದು ಹೋದ್ರೂ ಬರಿಯೋದು ಬಂದ್. ಪೆನ್ನು ನನ್ನ ಕೈಯಾಗ ಕೊಡಬೇಕು."

ಸೊಸಿ ಮಾರಿ ಹಿಟ್ಟಿನಂಗ ಬೆಳ್ಳಗಾತು. ನಾವು ಮಾತ್ರ ಮೊದಲ ದಿನ ಅರ್ಧಾ ತಾಸ ಮುಂಚೇನ ಹೋಗಿ ಕುಂತ್ವಿ, ಒಳ್ಳೆ ಜಾಗಾ ಸಿಗಲಿ ಅಂತ.

ದೀಪದ ಮುದುಕಿ

ಮೊದಲ ಕಥಿ ದೀಪ ಹಿಡಿಯೋ ಮುದುಕಿದು. ಆಕಿ ನೆರಳ ರಾಜ ಕುಡದಾನ. ಈಗ ಆಕಿಗೆ ತನ್ನ ಹೆಸರ ಗೊತ್ತಿಲ್ಲ, ದೀಪದ ಎಣ್ಣಿ ಮುಗದದ್ದು ಮಾತ್ರ ಗೊತ್ತಾಗ್ತೈತಿ. ಮುಗಿಯೂತನಕ ಒಬ್ಬಾಕೀನೂ ಏಳಲಿಲ್ಲ.

ಅತ್ತಿ ತಂಗಿ ಮೂಡಲಗಿಯಿಂದ ಎರಡು ದಿನ ಇರಾಕ ಬಂದಿದ್ಲು, ಆಕೀನೂ ಕುಂತು ಈ ಕಥಿ ಕೇಳಿದ್ಲು. ಮರುದಿನ ಮಟಮಟ ಮಧ್ಯಾಹ್ನ ಊರಿಗೆ ಹೋಗಾಕ ಬಸ್ ಸ್ಟ್ಯಾಂಡಿಗೆ ಹ್ವಾದ್ಲು. ಬಸ್ಸು ಹತ್ತೂ ಮುಂದ ಕೆಳಗ ನೋಡ್ತಾಳ, ನೆರಳ ಇಲ್ಲ.

"ನನ್ನ ನೆರಳ ಎಲ್ಲಿ ಹೋತು" ಅಂತ ಅಲ್ಲೇ ಕುಂತ್ಲಂತ.

ಕಂಡಕ್ಟರ್ ಹೇಳಿದ, "ಹೊತ್ತು ನೆತ್ತಿಮ್ಯಾಲೆ ಐತಿ, ಎಲ್ಲಾರದೂ ಕಾಲಬುಡಕ ಇರತೈತ್ರಿ. ಹತ್ರಿ ಆಯಿ."

ಹತ್ತಲಿಲ್ಲ. ಹೊತ್ತು ವಾಲಿ ನೆರಳ ಮೂಡೂತನಕ ನೋಡಿ, ಅದನ್ನ ಕರಕೊಂಡು ತಿರುಗಿ ಬಂದ್ಲು. "ನೆರಳ ಸಿಕ್ತು, ಬಸ್ಸು ಹೋತು. ಇರಲಿ, ಇವತ್ತ ಯಾರ ಕಥಿ?"

ಎರಡು ದಿನಕ್ಕ ಬಂದಾಕಿ ಪುಸ್ತಕ ಮುಗಿಯೂತನಕ ಇದ್ಲು.

ಕುದುರಿಯವನ ಎರಡನೇ ಮನಿ

ಕುದುರಿ ನೋಡಾಂವ ಹಗಲ ಗಡದಾಗ ಹೆಂಡ್ತಿ ಕೂಡ, ಕತ್ತಲಾದ್ರ ಮಸಣದಾಗ ಸತ್ತಾಕಿ ಕೂಡ ಸಂಸಾರ ಮಾಡ್ತಾನ. ಕೇಳಿದ್ರ ಕುದುರಿ ಮೇಸಾಕ ಹೋಗಿದ್ದೆ ಅಂತಾನ.

ಇದನ್ನ ಕೇಳಿ ಮೂಲಿಮನ್ಯಾಕಿ ಮಾರಿ ಕಪ್ಪಿಟ್ಟಿತು. ಆಕಿ ಗಂಡ ಸೋಮವಾರಕ್ಕೊಮ್ಮೆ ಕೆಲಸ ಐತಿ ಅಂತ ಸಂಕೇಶ್ವರಕ್ಕ ಹೊಕ್ಕಾನ. ಆಕಿ ಅಲ್ಲೇ ಏಳಾಕ ಹತ್ತಿದ್ಲು, ಈಗ ಹೋಗಿ ಕೇಳ್ತೀನಂತ. ನಾ ಸೀರಿ ಸೆರಗ ಹಿಡದು ಜಗ್ಗಿ ಕುಂದ್ರಿಸಿದೆ. "ಇಷ್ಟ ವರ್ಷ ಕೇಳಿಲ್ಲ, ಕಥಿ ಮುಗಿಯೂತನಕ ತಡಿ. ಆ ಹುಡುಗಿ ಪೆನ್ನು ಹೋಗ್ತೈತಿ."

ಮುಗದ ಮ್ಯಾಲೆ ಹೋಗಿ ಕೇಳಿದ್ಲು. ನಾನೂ ಹಿಂದ ಹೋಗಿದ್ದೆ ಅನ್ರಿ, ಆಧಾರಕ್ಕ. "ಕುದುರಿಯವಂದೆಲ್ಲಾ ಗೊತ್ತಾಗೇತಿ" ಅಂದಕೂಡ್ಲೇ ಗಂಡ ತಲಿ ತಗ್ಗಿಸಿದ. ಎರಡನೇ ಮನಿ ಇಲ್ಲ, ಏನಿಲ್ಲ. ಮನ್ಯಾಗ ಸೋಮವಾರ ಉಪವಾಸ ಅಂತ ಹೇಳಿ ಸಂಕೇಶ್ವರದ ಹೊಟೇಲದಾಗ ಖಾರದ ಮಿಸಳ ತಿಂತಿದ್ದ.

"ಅದಕ್ಕಿಂತ ಆ ಮಸಣದಾಕಿ ಇದ್ದಿದ್ರ ಚಲೋ ಇತ್ತು" ಅಂದ್ಲು ಹೆಂಡ್ತಿ. "ಇಂವನ ಉಪವಾಸ ನೋಡಿ ನಾಚಿ ನಾನೂ ಹತ್ತು ಉಪವಾಸ ಹೆಚ್ಚಿಗಿ ಮಾಡೀನಿ."

ಬಾಗಲಾಗ ಹೆರಿಗಿ

ಕಡೀ ದಿನ ಬಾಗಲ ಕಾಯೋ ರಾಕ್ಷಸಿ ಕಥಿ. ಮೂರು ದಪ್ಪ ಪುಸ್ತಕದಾಗ ಆಕಿ ಆಡಿದ್ದು ಒಂದ ಮಾತು, "ತಗೀತೀನಿ ದೊರಿ" ಅಂತ. ಈಗ ನೋಡಿದ್ರ ಆಕಿ ತುಂಬಿದ ಬಸರಿ. ಹುಟ್ಟೂ ಕೂಸಿನ ನೆರಳ ಕುಡೀತೀನಂತ ರಾಜ ಕಾದು ಕುಂತಾನ. ಹೊರಗ ಕರಿ ಗಾಳಿ. ಹಿಡಕೊಳ್ಳಾಕ ಒಬ್ಬಾಕಿ ಇಲ್ಲ. ಗಡದ ಹೊಸ್ತಿಲ ಮ್ಯಾಲೇ ಹಡೀತಾಳ. ರಾಜಂದು ಯಾರರ ಬರೀತಾರ. ಬಾಗಲಾಗ ನಿಂತಾಕಿನ್ನ ಕಾಣಾಕ ಬ್ಯಾರೆ ಕಣ್ಣ ಬೇಕು.

ಅಷ್ಟ್ರಾಗ ಒಬ್ಬಾಕಿ ಎದ್ಲು. ಯಾರಂತ ನೋಡಿದ್ರ ಅತ್ತೀನ. ಸೀದಾ ಒಳಗ ಹ್ವಾದ್ಲು.

ಸೊಸಿ ಹಾಳಿ ಮಡಚಿದ್ಲು. ಪೆನ್ನು ತಗದು ಹೊಸ್ತಿಲ ಮ್ಯಾಲಿಟ್ಲು.

ಒಳಗ ಅಟ್ಟದ ಮ್ಯಾಲಿಂದ ದಡದಡ ಸಪ್ಪಳ. "ಯಾರರ ಬರ್ರಿ, ತೊಟ್ಟಲ ಒಬ್ಬಾಕಿ ಕೈಲೆ ಇಳ್ಯಾಕ ಒಲ್ಲದು."

ನಮ್ಮ ಕಡೆ ಮಠದಾಗ ಪುರಾಣ ಹಚ್ಚಿದಾಗ ಶರಣರು ಹುಟ್ಟಿದ ದಿನ ತೊಟ್ಟಲ ಕಟ್ಟಿ ತೂಗೂದು ರೂಢಿ. ಅತ್ತಿಗೆ ಕಥಿ ಅಂದ್ರ ಅದ. ಹುಟ್ಟಿದ್ದು ಶರಣರಾದ್ರೇನು, ರಾಕ್ಷಸಿ ಕೂಸಾದ್ರೇನು.

"ಹಡದಾಕಿನ್ನ ಹೊಸ್ತಿಲ ಮ್ಯಾಲೆ ಬಿಟ್ಟು ಮುಂದ ಓದ್ತಾಳ, ಬುದ್ಧಿ ಇಲ್ಲ" ಅಂತ ಅತ್ತಿ ಪಡಸಾಲ್ಯಾಗ ತೊಟ್ಟಲ ಕಟ್ಟಿಕೋತ ಸೊಸಿಗೇ ಬೈದ್ಲು. ಪುರಾಣದಾಗ ತೊಟ್ಟಲಕ್ಕ ತೆಂಗಿನಕಾಯಿ ಹಾಕ್ತಾರ. ಅತ್ತಿ ಒಳಕಲ್ಲಿನ ಗುಂಡಕಲ್ಲ ತಂದು ಮಲಗಿಸಿದ್ಲು. "ರಾಕ್ಷಸಿ ಕೂಸಿಗೆ ಕಾಯಿ ಸಾಲೂದಿಲ್ಲ."

ಹೆಸರೇನಂತ ಕೇಳಿದ್ರ ಸೊಸಿ ಕಣ್ಣ ಒರಸ್ಕೋತ "ಇನ್ನೂ ಬರದಿಲ್ರಿ" ಅಂದ್ಲು.

"ಹೆಸರಿಡಾಕ ಸೋದರತ್ತಿ ಬೇಕು" ಅಂದ್ಲು ಮೂಡಲಗಿಯಾಕಿ. "ರಾಕ್ಷಸಿಗೆ ನಾದಿನಿ ಅಂತ ಯಾರನ್ನ ಹಿಡಿಯೂನು?"

ಪಡಸಾಲಿ ತುಂಬ ಹೆಣ್ಣಮಕ್ಕಳು. ಒಬ್ಬಾಕೀನೂ ವಿಚಾರ ಮಾಡಲಿಲ್ಲ. ಎಲ್ಲಾರೂ ನನ್ನ ಕಡೆ ನೋಡಿದ್ರು.

ಬಗ್ಗಿ ಗುಂಡಕಲ್ಲಿನ ಕಿವಿ ಇರಬೇಕಾದ ಕಡೆ "ಬೆಳಗವ್ವ" ಅಂದೆ. ಹೆಸರ ಹೇಳೂ ಸೋದರತ್ತಿ ಬೆನ್ನಿಗೆ ಉಳದವರು ಹಗೂರಕ ಗುದ್ದೂದು ಪದ್ಧತಿ. ನನಗ ಬಿದ್ದ ಗುದ್ದು ಪದ್ಧತಿಯವಲ್ಲ. ಓಣಿ ಓಣೀನ ಪಾಳಿ ಹಚ್ಚಿತು. ಮೂಲಿಮನ್ಯಾಕಿ ಎರಡು ಸಲ ಬಂದ್ಲು. ಅವರಿಗೆ ನನ್ನ ಮ್ಯಾಲೆ ಏನ ಸಿಟ್ಟೋ, ನನಗಂತೂ ತಿಳೀಲಿಲ್ಲ.

"ಸಾಕ ಬಿಡ್ರಿ, ಕೂಸು ಎದ್ದೀತು" ಅಂದ್ಲು ಅತ್ತಿ. ಹೊಸ್ತಿಲ ಮ್ಯಾಲಿನ ಪೆನ್ನು ಎತ್ತಿ ಸೊಸಿ ಕೈಯಾಗ ಕೊಟ್ಟು, ತೊಟ್ಟಲದ ಹಗ್ಗಾ ಹಿಡಕೊಂಡು ಕುಂತ್ಲು.

"ಮುಂದ ಓದವ್ವಾ. ಸಣ್ಣಗ ಓದು."